ಬಿಲ್ಲು ಹಿಡಿದ 16 ಮಂದಿ

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಕ್ರೀಡಾಂಗಣದೊಳಗೆ ಪುಟ್ಟದೊಂದು ಮ್ಯೂಸಿಯಂ ಇದೆ. ಗಾಯಾಳು ಯೋಧರಿಂದ ಹುಟ್ಟಿದ ಪ್ಯಾರಾಲಿಂಪಿಕ್ಸ್‌ನ ಚರಿತ್ರೆಯನ್ನು ಅದು ಜತನದಿಂದ ಕಾಪಾಡಿದೆ. ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಷಯದಲ್ಲಿ ವೈದ್ಯರೇ ಕೈಚೆಲ್ಲುತ್ತಿದ್ದ ಕಾಲದಲ್ಲಿ, 1944ರಲ್ಲಿ, ಅಲ್ಲಿನ ಆಸ್ಪತ್ರೆಗೆ ಬಂದವರು ಡಾ. ಲುಡ್ವಿಗ್ ಗುಟ್‌ಮನ್. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಅವರ ಕಟ್ಟುನಿಟ್ಟು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಮಾಜಿ ಸೈನಿಕರು ಆಸ್ಪತ್ರೆಯ ಹುಲ್ಲುಹಾಸಿನಲ್ಲಿ ಸ್ಪರ್ಧೆಗೆ ಬಿಲ್ಲು ಹಿಡಿದರು. ಪ್ಯಾರಾಲಿಂಪಿಕ್ಸ್‌ಗೆ ಅದೇ ನಾಂದಿ.

ನಮ್ಮಲ್ಲೂ ಅಂಥ ಯೋಧರಿದ್ದಾರೆ. ಮುರಳಿಕಾಂತ್ ಪೇಟ್ಕರ್ 1965ರ ಭಾರತ-ಪಾಕ್ ಯುದ್ಧದಲ್ಲಿ ಗುಂಡೇಟು ತಿಂದವರು. 1972ರಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ! ನಮ್ಮ ಸೇನಾ ಮ್ಯೂಸಿಯಂಗಳಲ್ಲಿ ಟ್ಯಾಂಕು, ಫಿರಂಗಿಗಳ ಪಕ್ಕ ಇಂಥವರ ಗಾಲಿಕುರ್ಚಿಗೂ ಜಾಗ ಕೊಡಿ.