ಕಾರ್ತಹೇನಾ: ಕಲ್ಲಿನ ಕೋಟೆ, ಗೂಟದ ಬೇಲಿ

ದಕ್ಷಿಣ ಅಮೆರಿಕ ಖಂಡದ ಉತ್ತರ ಅಂಚಿನಲ್ಲಿ, ಕೆರಿಬಿಯನ್ ಸಮುದ್ರದ ದಡದಲ್ಲಿ ಕೊಲಂಬಿಯಾ ದೇಶದ ಕಾರ್ತಹೇನಾ ನಗರವಿದೆ. 1533ರಲ್ಲಿ ಸ್ಪೇನಿನ ಪೆದ್ರೊ ದೆ ಎರೆದಿಯಾ ಇದನ್ನು ಸ್ಥಾಪಿಸಿದನು. ಖಂಡದ ಚಿನ್ನ, ಬೆಳ್ಳಿಗಳನ್ನು ಸ್ಪೇನಿಗೆ ಒಯ್ಯುವ ಹಡಗುಗಳು ಈ ಬಂದರಿನಲ್ಲಿ ತಂಗುತ್ತಿದ್ದವು. ಸಂಪತ್ತು ಇದ್ದೆಡೆಗೆ ಕೊಳ್ಳೆಗಾರರೂ ಬಂದರು. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ನಗರವನ್ನು ವಶಪಡಿಸಿಕೊಂಡು, ಭಾರಿ ಹಣ ಪಡೆದ ಮೇಲೆಯೇ ಬಿಟ್ಟುಹೋದನು. ಆ ಬಳಿಕ ಸಮುದ್ರಕ್ಕೆ ಎದುರಾಗಿ ಎದ್ದ ಕಲ್ಲಿನ ಕೋಟೆ ಪೂರ್ಣಗೊಳ್ಳಲು ಸುಮಾರು ಎರಡು ಶತಮಾನಗಳೇ ಹಿಡಿದವು. ಇಂದು ಪ್ರವಾಸಿಗರು ಸಂಜೆ ಹೊತ್ತು ಆ ಅಗಲವಾದ ಗೋಡೆಯ ಮೇಲೆ ನಡೆದಾಡುತ್ತ ಸೂರ್ಯಾಸ್ತವನ್ನು ನೋಡುತ್ತಾರೆ.

ನಗರದ ಹೊರಗಣ ಗುಡ್ಡದ ಮೇಲೆ ಸಾನ್ ಫೆಲಿಪೆ ಎಂಬ ದುರ್ಗವಿದೆ. ಅದರ ಒಡಲಲ್ಲಿ ಕತ್ತಲು ತುಂಬಿದ ಸುರಂಗಗಳಿವೆ. 1741ರಲ್ಲಿ ಇಂಗ್ಲೆಂಡಿನ ನೌಕಾಧಿಪತಿ ವರ್ನನ್ ದೊಡ್ಡ ನೌಕಾಪಡೆಯೊಡನೆ ಈ ನಗರವನ್ನು ಮುತ್ತಿದನು. ಗೆಲುವು ಕೈಸೇರಿತೆಂದು ನಂಬಿ ಇಂಗ್ಲೆಂಡಿನಲ್ಲಿ ವಿಜಯದ ಪದಕಗಳನ್ನೂ ಅಚ್ಚುಹಾಕಲಾಗಿತ್ತು. ಆದರೆ ಒಂದು ಕಾಲನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡಿದ್ದ ಬ್ಲಾಸ್ ದೆ ಲೆಸೊ ಎಂಬ ಸ್ಪೇನಿನ ಸೇನಾನಿ ರಕ್ಷಣೆಗೆ ನಿಂತಿದ್ದನು. ಜ್ವರಬಾಧೆಯೂ ಸೇರಿ ಮುತ್ತಿಗೆ ಮುರಿದುಬಿದ್ದಿತು.

ಕೋಟೆಯೊಳಗೆ ಗಡಿಯಾರ ಗೋಪುರದ ಬಾಗಿಲನ್ನು ದಾಟಿದೊಡನೆ ಒಂದು ವಿಶಾಲವಾದ ಚೌಕ ಸಿಗುತ್ತದೆ. ಬಣ್ಣಬಣ್ಣದ ಮನೆಗಳು, ಮರದ ಉಪ್ಪರಿಗೆಗಳು ಕಣ್ಮನ ಸೆಳೆಯುತ್ತವೆ. ಒಂದು ಕಾಲಕ್ಕೆ ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಮನುಷ್ಯರನ್ನು ಮಾರುತ್ತಿದ್ದ ಸ್ಥಳವೂ ಅದೇ. ಸಮೀಪದ ಚರ್ಚಿನಲ್ಲಿ, ಆ ಗುಲಾಮರ ಸೇವೆಯಲ್ಲಿ ಬಾಳನ್ನು ಸವೆಸಿದ ಪೆದ್ರೊ ಕ್ಲಾವೆರ್ ಎಂಬ ಪಾದ್ರಿಯ ಅಸ್ಥಿಗಳನ್ನು ಇರಿಸಲಾಗಿದೆ. 1984ರಲ್ಲಿ ಯುನೆಸ್ಕೊ ಇಲ್ಲಿನ ಬಂದರು, ಕೋಟೆ ಮತ್ತು ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಬೀದಿಗಳಲ್ಲಿ ತಲೆಯ ಮೇಲೆ ಹಣ್ಣಿನ ಬೋಗುಣಿ ಹೊತ್ತು, ಗಾಢ ಬಣ್ಣದ ಉಡುಪು ತೊಟ್ಟ ಸ್ತ್ರೀಯರು ಕಾಣಸಿಗುತ್ತಾರೆ. ಪ್ರವಾಸಿಗರು ಅವರ ಚಿತ್ರ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಅವರ ಮೂಲ ಊರನ್ನು ಅರಸಿ ಹೋಗುವವರು ಕಡಿಮೆ. ನಗರದಿಂದ ಸುಮಾರು 50 ಕಿಲೋಮೀಟರು ದೂರದ ಸಾನ್ ಬಸಿಲಿಯೊ ದೆ ಪಾಲೆಂಕೆ ಆ ಊರು. ಪಾಲೆಂಕೆ ಎಂದರೆ ಗೂಟಗಳನ್ನು ನೆಟ್ಟು ಕಟ್ಟಿದ ಬೇಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಾಡಿನಲ್ಲಿ ಅಂತಹ ಬೇಲಿಯೊಳಗೆ ಸ್ವತಂತ್ರರಾಗಿ ಬಾಳಿದರು. ಅವರ ನಾಯಕ ಬೆಂಕೋಸ್ ಬಿಯೋಹೊನನ್ನು ಸ್ಪೇನಿನ ಆಡಳಿತ 1621ರಲ್ಲಿ ಕೊಲ್ಲಿಸಿತು. ಸರಪಳಿ ಹರಿಯುತ್ತಿರುವ ಆತನ ಪ್ರತಿಮೆ ಊರ ಚೌಕದಲ್ಲಿದೆ.

ಸ್ಪ್ಯಾನಿಷ್ ಪದಗಳೂ ಆಫ್ರಿಕಾದ ಕಿಕೊಂಗೊ ನುಡಿಯ ಅಂಶಗಳೂ ಬೆರೆತು ಈ ಜನರಲ್ಲಿ ಪಾಲೆಂಕೇರೊ ಎಂಬ ಭಾಷೆ ರೂಪುಗೊಂಡಿತು. ಹೊರಗೆ ಕೆಲಸಕ್ಕೆ ಹೋದಾಗ ಅದು ಕೆಟ್ಟ ಸ್ಪ್ಯಾನಿಷ್ ಎಂಬ ಹಾಸ್ಯಕ್ಕೆ ಗುರಿಯಾಯಿತು. ಆ ಅವಮಾನ ತಮ್ಮ ಮಕ್ಕಳಿಗೆ ಬೇಡವೆಂದು ಅನೇಕ ತಾಯಿತಂದೆಯರು ಮನೆಯಲ್ಲಿಯೂ ಅದನ್ನಾಡುವುದನ್ನು ಬಿಟ್ಟರು. 1980ರ ದಶಕದ ಬಳಿಕ ಊರಿನವರೇ ಎಚ್ಚೆತ್ತು ಆ ನುಡಿಯನ್ನು ಶಾಲೆಯ ಪಾಠವಾಗಿಸಿದರು. 2005ರಲ್ಲಿ ಯುನೆಸ್ಕೊ ಊರಿನ ಸಂಸ್ಕೃತಿಗೆ ಮನ್ನಣೆ ನೀಡಿತು.

ಕಾರ್ತಹೇನಾದ ಕಲ್ಲಿನ ಕೋಟೆಯನ್ನು ಅರಸನ ಬೊಕ್ಕಸ ಕಟ್ಟಿಸಿತು. ಪಾಲೆಂಕೆಯ ಗೂಟದ ಬೇಲಿ ಎಂದೋ ಮಣ್ಣಾಯಿತು. ಅದರೊಳಗೆ ಬೆಳೆದ ನುಡಿ ಮಾತ್ರ ಇಂದಿಗೂ ಮಕ್ಕಳ ತರಗತಿಯಲ್ಲಿ ಕೇಳಿಬರುತ್ತಿದೆ.