ಬಿತ್ತಾಕ ಇಟ್ಟ ಜೋಳ

1972ರ ಬರದಾಗ ನಮ್ಮ ಜತ್ತ ಸೀಮೆಯ ಹೊಲಗಳಲ್ಲಿ ಹಸಿರು ಕಡ್ಡಿ ಇರಲಿಲ್ಲ. ಮನಿಯಾಗ ಹಿಟ್ಟು ಮುಗಿದಿತ್ತು. ಮೂಲಿಯಾಗ ಬೀಜದ ಜೋಳದ ಚೀಲ ಒಂದಿತ್ತು. ನಾವು ಹುಡುಗರು ಎಷ್ಟು ಅತ್ತರೂ ಅವ್ವ ಅದರ ಬಾಯಿ ಬಿಚ್ಚಲಿಲ್ಲ. "ಅದು ಈ ವರ್ಷದ್ದಲ್ಲೋ, ಮುಂದಿನ ವರ್ಷದ್ದು" ಅಂತಿದ್ದಳು.

ನಾನು ಏಳನೇ ಇಯತ್ತೆ ಕಲಿತವ. ಮೊನ್ನೆ ವಾಚನಾಲಯದಾಗ ಮಾಸ್ತರು ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದ ಸಂಗತಿ ಹೇಳಿದಾಗ ಅವ್ವನ ಮಾತು ನೆನಪಾಯ್ತು. ಅಲ್ಲಿ ಮಂದಿ ಶಾಸಕರಿಗಷ್ಟೇ ಅಲ್ಲ, ಕಾಯ್ದೆಗೂ ಮತ ಹಾಕತಾರಂತೆ. 1978ರಲ್ಲಿ ಮನೆ, ಜಮೀನಿನ ಕರ ಬೆಲೆಯ ನೂರಕ್ಕೆ 1 ಮೀರಬಾರದು ಅಂತ ಮತ ಹಾಕಿದರು. ಕರ ತಗ್ಗಿತು, ಖರೆ. ಆದರ ಸಾಲಿಗಳು ನಡೀತಿದ್ದದ್ದೂ ಅದೇ ಕರದ ಮ್ಯಾಲೆ. ಇನ್ನು ರಾಜ್ಯ ಸರ್ಕಾರದ ಕಡೆ ನೋಡಬೇಕಾಯ್ತು.

ಹತ್ತು ವರ್ಷದ ಮ್ಯಾಲೆ, 1988ರ ನವೆಂಬರದಾಗ, 98ನೇ ಪ್ರಸ್ತಾವ ಮತಕ್ಕ ಬಂತು. ಸಾಲಿಗೆ ವರ್ಷಾ ಕನಿಷ್ಠ ಇಷ್ಟು ರೊಕ್ಕ ಕೊಡಲೇಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಬರೆಯೋ ಮಾತು ಅದು. ನೂರಕ್ಕೆ 51 ಮತವೂ ತುಂಬಲಿಲ್ಲ, ಆದರೂ ಗೆದ್ದಿತು. ಆ ಗಂಟು ಬಿಚ್ಚಬೇಕಾದರ ಶಾಸಕರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಅದೂ ಒಂದು ವರ್ಷದ ಮಟ್ಟಿಗೆ. 2004ರಲ್ಲಿ ಹಂಗ ಬಿಚ್ಚಿದ್ದೂ ಉಂಟು. ಆದರ ಎಲ್ಲರ ಕಣ್ಣ ಮುಂದೆ ಕೈ ಎತ್ತಿ ಬಿಚ್ಚಬೇಕು.

ನಾ ಹಂಗ ಬಿಚ್ಚಲಿಲ್ಲ. ಸಾಲಿಯ ತಗಡಿಗೆ ಅಂತ ನಮ್ಮ ಡೊಳ್ಳಿನ ಮ್ಯಾಳ ಊರೂರು ಹಾಡಿ ರೊಕ್ಕ ಕೂಡಿಸಿತ್ತು. ಡಬ್ಬಿ ನನ್ನ ಕೈಯಾಗ ಇತ್ತು. ಜಾತ್ರಿಗೆ ರೊಕ್ಕ ಕಡಿಮೆ ಬಿತ್ತು ಅಂತ ಒಂದು ರಾತ್ರಿ ನಾಲ್ಕು ಮಂದಿ ಬಂದರು. "ಸುಗ್ಗಿಗೆ ತುಂಬೋಣ ಬಿಡಪಾ" ಅಂದರು. ಕೊಟ್ಟೆ. ಸುಗ್ಗಿ ಬಂತು, ರೊಕ್ಕ ಬರಲಿಲ್ಲ. ಮಳೆಗಾಲದಾಗ ಹುಡುಗರು ಸೋರೋ ಖೋಲಿಯ ಒಂದೇ ಮೂಲಿಗೆ ಒತ್ತಿ ಕುಂತು ಮಗ್ಗಿ ಹೇಳಿದರು. ನನ್ನ ಮಗಳೂ ಅವರೊಳಗ ಇದ್ದಳು.

ಯಾರೂ ಕದ್ದಿರಲಿಲ್ಲ, ದೇವರ ಕೆಲಸಕ್ಕೇ ಹೋಗಿತ್ತು. ಸಾಲಿ ರೊಕ್ಕ ಕಳ್ಳರಿಗಿಂತ ಹೆಚ್ಚು ಹೀಂಗ ಹೋಗತದ. ಹುಡುಗರು ಬಂದು ಕೇಳೋದಿಲ್ಲ, ಜಾತ್ರಿಯವರು ಬಂದು ಕೇಳತಾರ.

ಈಗ ಆ ರೊಕ್ಕ ಬ್ಯಾಂಕಿನಾಗ ಐತಿ, ತೆಗೀಬೇಕಾದರ ಮೂವರ ಸಹಿ ಬೇಕು, ಊರ ಮುಂದೆ ಲೆಕ್ಕ ಓದಬೇಕು. ತಗಡು ಬಿದ್ದದ್ದು ಎರಡು ವರ್ಷ ತಡವಾಗಿ. ಅಷ್ಟರಾಗ ನನ್ನ ಮಗಳು ಆ ಸಾಲಿ ಮುಗಿಸಿ ಹೋಗಿದ್ದಳು.