ನಮ್ಮ ದನಕ್ಕೆ ನಮ್ಮದೇ ಮೇವು

ಕೊರಲೆಯನ್ನು ಬೆಳೆ ಎನ್ನಬೇಕೋ ಹುಲ್ಲು ಎನ್ನಬೇಕೋ ಎಂಬ ತಕರಾರು ನಮ್ಮ ಕಡೆ ಇನ್ನೂ ಮುಗಿದಿಲ್ಲ. ಊರೊಳಗಿನವರನ್ನು ಕೇಳಿದರೆ ಹುಲ್ಲು. ಕೇರಿಯವರನ್ನು ಕೇಳಿದರೆ ಅನ್ನ. ಗೊಂತಿನಲ್ಲಿ ಕಟ್ಟಿದ ದನಕ್ಕೆ ಮಾತು ಬಂದಿದ್ದರೆ ಅದೂ ತನ್ನ ಪಾಲು ಕೇಳುತ್ತಿತ್ತು. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಪಾವಗಡದ ಕಡೆ, ಚಿತ್ರದುರ್ಗದ ಕೆಂಪು ಗರಸಿನಲ್ಲಿ, ಗಡಿಯಾಚೆ ಅನಂತಪುರದ ಹೊಲಗಳಲ್ಲಿ ಇದನ್ನು ಕಾಣಬಹುದು. ತೆಲುಗಿನವರು ಅಂಡುಕೊರ್ರಲು ಅನ್ನುತ್ತಾರೆ. ತೆಳ್ಳನೆಯ ಕಡ್ಡಿ, ಸ್ವಲ್ಪ ಅಗಲವಾದ ಗರಿ. ಬುಡ ನೆಲಕ್ಕೆ ಒರಗಿ, ಗಿಣ್ಣಿನಲ್ಲಿ ಬೇರು ಬಿಟ್ಟು, ಆಮೇಲೆ ತಲೆ ಎತ್ತುತ್ತದೆ. ಒಂದೇ ಮಳೆಗಾಲದ ಬದುಕು. ಬಿತ್ತಿದ 75-80 ದಿನಕ್ಕೆ ತೆನೆ ಮಾಗಿಸಿ ಒಣಗಿಬಿಡುತ್ತದೆ. ಎಲ್ಲಿಂದಲೋ ತಂದು ನೆಟ್ಟಿದ್ದಲ್ಲ, ಈ ನೆಲದ್ದೇ ಹುಲ್ಲು.

'ಕವಿತೆ ಬರೆಯೋಳು ಹುಲ್ಲಿನ ಮೇಲೆ ಯಾಕಮ್ಮ ಬರೀತೀಯಾ' ಎಂದು ಗೆಳೆಯನೊಬ್ಬ ನಕ್ಕ. ಬಾವಿಯ ಬಗ್ಗೆ, ಗುಡಿಯ ಬಗ್ಗೆ, ಹೋಟೆಲ್ಲಿನ ಲೋಟದ ಬಗ್ಗೆ ನಾವೆಲ್ಲ ಬರೆದಿದ್ದೇವೆ. ಮೇವಿನ ಬಗ್ಗೆ ಬರೆದದ್ದು ಕಡಿಮೆ. ಆದರೆ ಗೆಳೆಯರೇ, ಹಳ್ಳಿಯಲ್ಲಿ ಒಂದು ಕೇರಿಯನ್ನು ಬಗ್ಗಿಸಬೇಕಾದರೆ ದೊಣ್ಣೆಯೇ ಬೇಕಾಗಿಲ್ಲ. ಬದುವಿನ ಹುಲ್ಲು ಮುಟ್ಟಬೇಡಿ ಅಂದರೆ ಸಾಕು.

1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಗಲಾಟೆ ಎದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ, ಕೊನೆಗೆ ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಕಾಲೇಜಿನಲ್ಲಿ ಅದನ್ನು ಓದಿದಾಗ ನನಗೆ ಮೊದಲು ಹೊಳೆದದ್ದೇ ಬೇರೆ. ಬೂಸಾ ಅಂದರೆ ಬೈಗುಳ ಅಂದುಕೊಂಡವರ ಮನೆಯಲ್ಲಿ ಬೂಸಾ ಮೂಟೆಗಟ್ಟಲೆ ಇದ್ದಿರಬೇಕು. ನಮ್ಮ ಮನೆಯಲ್ಲಿ ಹಸು ಕರು ಹಾಕಿದಾಗ ಮಾತ್ರ ಅಂಗಡಿಯಿಂದ ಎರಡು ಕೆ.ಜಿ. ಬರುತ್ತಿತ್ತು. ಅದನ್ನು ಬೆಲ್ಲದ ಹಾಗೆ ಎತ್ತಿಡುತ್ತಿದ್ದರು.

ನನ್ನ ತಾತ ಹದಿನಾಲ್ಕು ವರ್ಷ ಜೀತದಲ್ಲಿದ್ದವನು. ಧಣಿಯ ಕೊಟ್ಟಿಗೆಯ ದನಗಳಿಗೆ ಹುಲ್ಲು ತರುವುದು, ಮೆದೆ ಒಟ್ಟುವುದು, ಸಗಣಿ ಬಾಚುವುದು ಅವನ ಕೆಲಸ. ಅಷ್ಟು ದನಗಳ ಹೊಟ್ಟೆ ತುಂಬಿಸಿದವನಿಗೆ ಸ್ವಂತದ್ದೆಂದು ಒಂದು ಕರುವೂ ಇರಲಿಲ್ಲ. 1976ರಲ್ಲಿ ಜೀತ ನಿರ್ಮೂಲನ ಕಾಯ್ದೆ ಬಂತು. ಕಾಯ್ದೆ ದಿಲ್ಲಿಯಿಂದ ನಮ್ಮೂರಿಗೆ ನಡೆದುಕೊಂಡು ಬರಲು ಇನ್ನೆರಡು ವರ್ಷ ಹಿಡಿಯಿತು. ಆಮೇಲೆ ದರಖಾಸ್ತಿನಲ್ಲಿ 2 ಎಕರೆ ಮಂಜೂರಾಯಿತು. ಗುಡ್ಡದ ಬುಡ, ಮುಷ್ಟಿ ಗಾತ್ರದ ಕಲ್ಲು, ನಡುವೆ ಎರಡು ಹುಣಸೆ ಮರ. ಇಂಥ ಮಂಜೂರಿ ಜಮೀನನ್ನು ಸರ್ಕಾರದ ಅಪ್ಪಣೆ ಇಲ್ಲದೆ ಯಾರೂ ಬರೆಸಿಕೊಳ್ಳಬಾರದು ಎಂಬ 1978ರ ಕಾಯ್ದೆ ಇದ್ದದ್ದಕ್ಕೆ ಅದು ಉಳಿಯಿತು. ಬರೆಸಿಕೊಳ್ಳಲು ಬಂದವರು ಇದ್ದೇ ಇದ್ದರು.

ಆ ನೆಲದಲ್ಲಿ ರಾಗಿ ಎಲ್ಲ ವರ್ಷವೂ ಕೈಗೆ ಹತ್ತುತ್ತಿರಲಿಲ್ಲ. ಕೊರಲೆ ಹತ್ತಿತು. ಆ ಹುಲ್ಲಿನ ಮೇಲೆ ತಾತ ಒಂದು ನಾಟಿ ಹಸು ಕಟ್ಟಿದ. ಸ್ವಂತ ಮೇವಿದ್ದವನು ಮಾತ್ರ ಸ್ವಂತ ದನ ಕಟ್ಟಬಲ್ಲ, ಸ್ವಂತ ದನವಿದ್ದವನು ಕಷ್ಟಕ್ಕೆ ಅದನ್ನು ಮಾರಬಲ್ಲ, ಮಗನನ್ನು ಅಡವಿಡಬೇಕಾಗಿಲ್ಲ. ತಾತನ ಅರ್ಥಶಾಸ್ತ್ರ ಇಷ್ಟೇ. ನಾನು ಬಿ.ಎ.ಯಲ್ಲಿ ಮೂರು ವರ್ಷ ಓದಿದ ಅರ್ಥಶಾಸ್ತ್ರದಲ್ಲಿ ಈ ಪಾಠ ಇರಲಿಲ್ಲ.

ಕೊರಲೆ ತಾನಾಗಿ ಬೆಳೆಯುತ್ತದೆ, ಅದಕ್ಕೇನು ಆರೈಕೆ ಅನ್ನುವವರಿದ್ದಾರೆ. ಅವರು ಬಿತ್ತಿದವರಲ್ಲ. ಬೀಜ ಸಾಸಿವೆಯಂಥ ಸಣ್ಣದು. ಒಂದು ಎಕರೆಗೆ ನಮ್ಮಮ್ಮ ನಾಲ್ಕು ಸೇರು ತೆಗೆಯುತ್ತಾಳೆ. ಹಾಗೇ ಎರಚಿದರೆ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಬೋಳು. ಅದಕ್ಕೆ ಒಣಮರಳು ಬೆರೆಸಬೇಕು, ಎರಡು ಸಲ ಅಡ್ಡಡ್ಡ ನಡೆದು ಎರಚಬೇಕು. ಆಳಕ್ಕೆ ಹೋದರೆ ಮೊಳಕೆ ಮೇಲೆ ಬರಲಾರದು. ಆದ್ದರಿಂದ ನೇಗಿಲ ಸಾಲು ಬೇಡ, ಮುಳ್ಳಿನ ಕೊಂಬೆಯ ಮೇಲೆ ಒಂದು ಕಲ್ಲಿಟ್ಟು ಹೊಲದ ತುಂಬ ಎಳೆದರೆ ಬೇಕಾದಷ್ಟು ಮಣ್ಣು ಮುಚ್ಚುತ್ತದೆ. ಚಿಕ್ಕಂದಿನಲ್ಲಿ ಕಲ್ಲಿನ ಬದಲು ನನ್ನ ತಮ್ಮನನ್ನೇ ಕೂರಿಸಬೇಕೆಂದು ಅವನು ಹಟ ಮಾಡುತ್ತಿದ್ದ. ಆರಿದ್ರಾ ಮಳೆ ಬಿದ್ದರೆ ಸರಿ, ತಪ್ಪಿದರೆ ಪುನರ್ವಸು, ಅದೂ ತಪ್ಪಿದರೆ ಪುಷ್ಯ. ರಾಗಿಯವನು ಆಕಾಶ ನೋಡಿ ಅಳುವ ಹೊತ್ತಿಗೂ ಕೊರಲೆಯವನಿಗೆ ಇನ್ನೊಂದು ಮಳೆ ಬಾಕಿ ಇರುತ್ತದೆ.

ಮೊದಲ ಮೂರು ವಾರ ಕಾಯಬೇಕು. ಪೈರು ಎಳೆಯದಿದ್ದಾಗ ಕಳೆ ಯಾವುದು ಕೊರಲೆ ಯಾವುದು ಅಂತ ಗೊತ್ತಾಗುವುದಿಲ್ಲ. ಅಜ್ಜಿಗೆ ಗೊತ್ತಾಗುತ್ತಿತ್ತು. ಕಣ್ಣು ಮಂಜಾದ ಮೇಲೂ ಬುಡ ಮುಟ್ಟಿ ಹೇಳುತ್ತಿದ್ದಳು. ತಿಂಗಳು ದಾಟಿ ತೆಂಡೆ ಒಡೆದು ನೆಲ ಮುಚ್ಚಿತೆಂದರೆ ಆಮೇಲೆ ಅದೇ ಬೇರೆ ಕಳೆಯನ್ನು ಅದುಮುತ್ತದೆ. ಇನ್ನೊಂದು ಗುಣ ಇದರದು: ನೆರಳಿಗೆ ಅಂಜುವುದಿಲ್ಲ. ಹುಣಸೆ ಮರದ ಕೆಳಗೆ ರಾಗಿ ಸೊರಗುತ್ತದೆ, ಕೊರಲೆ ತಡವಾಗಿಯಾದರೂ ಬರುತ್ತದೆ. ನೆರಳಿನದು ತೆನೆಯಲ್ಲಿ ಕಡಿಮೆ, ಗರಿಯಲ್ಲಿ ಹೆಚ್ಚು. ಮರದ ಬುಡದ್ದು ದನಕ್ಕೆ, ಬಯಲಿನದು ಮಡಕೆಗೆ ಎಂದು ನಮ್ಮ ಮನೆಯ ಹಂಚಿಕೆ.

ಹಸಿ ಮೇವಿಗೆ ಕೊಯ್ಯುವುದಾದರೆ ತೆನೆ ಹೊರಡುವ ಹೊತ್ತಿಗೆ ಕೊಯ್ಯಬೇಕು. ಅದಕ್ಕೂ ಮುಂಚೆ ಬರೀ ನೀರು, ಆಮೇಲೆ ಕಡ್ಡಿ ಗಡುಸು. ಬುಡ ಸವರಬಾರದು. ನಾಲ್ಕು ಬೆರಳು ಬಿಟ್ಟು ಕುಡುಗೋಲು ಹಾಕಿದರೆ, ಮಳೆ ಮನಸ್ಸು ಮಾಡಿದರೆ, ಇನ್ನೊಂದು ಸಲ ಚಿಗುರುತ್ತದೆ. ಬಾಡಿದ ಎಳೆ ಜೋಳ ಮೇಯ್ದು ದನ ನೆಲಕ್ಕೆ ಬಿದ್ದದ್ದನ್ನು ನಮ್ಮ ಕಡೆ ಕಂಡವರು ಬಹಳ. ಕೊರಲೆಯಲ್ಲಿ ಆ ಭಯವಿಲ್ಲ. ಆದರೆ ಯೂರಿಯಾ ಸುರಿದು, ಮೇಲೆ ಮಳೆ ಕೈಕೊಟ್ಟರೆ ಯಾವ ಹುಲ್ಲೂ ನಂಜಾಗಬಹುದು ಎಂದು ದನದ ಡಾಕ್ಟರು ಹೇಳಿದ್ದರು. ಯೂರಿಯಾ ಕೊಳ್ಳಲು ದುಡ್ಡಿಲ್ಲದ ನಮಗೆ ಆ ಎಚ್ಚರಿಕೆ ಅಷ್ಟಾಗಿ ಬೇಕಿರಲಿಲ್ಲ ಅನ್ನಿ.

ಕಾಳಿಗೆ ಬಿಡುವುದಾದರೆ ಕೊಯ್ಲು ಬೆಳಗಿನ ಜಾವಕ್ಕೆ. ತೆನೆ ಎಲ್ಲ ಒಟ್ಟಿಗೆ ಮಾಗುವುದಿಲ್ಲ. ಮೇಲಿನದು ಮಾಗಿ ಉದುರುವಾಗ ಕೆಳಗಿನದು ಹಸಿರಾಗಿರುತ್ತದೆ. ಇಬ್ಬನಿ ಆರುವ ಮೊದಲು ಕೊಯ್ದು ಕಣಕ್ಕೆ ಹಾಕಿದರೆ ಅಷ್ಟು ಕಾಳು ಉಳಿಯುತ್ತದೆ. ಉದುರಿದ್ದು ಹಕ್ಕಿಗೆ, ಇರುವೆಗೆ, ಮಿಕ್ಕಿದ್ದು ಮುಂದಿನ ವರ್ಷಕ್ಕೆ ತಾನೇ ಹುಟ್ಟುತ್ತದೆ. ಕಾಳಿನ ಸಿಪ್ಪೆ ಗಟ್ಟಿ. ಒರಳಿಗೆ ಹಾಕಿ ಕುಟ್ಟಿ, ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಿ, ಒಂದು ಹೊತ್ತಿನ ಅನ್ನಕ್ಕೆ ಇಬ್ಬರು ಹೆಂಗಸರ ತೋಳು ಬೇಕು. ಕೊರಲೆಯನ್ನು ಹೊಗಳುವವರು ಈ ತೋಳುಗಳನ್ನೂ ನೆನೆದು ಹೊಗಳಲಿ.

2011ರ ಮಳೆಗಾಲದ ಮಾತು ಹೇಳುತ್ತೇನೆ. ನಾನಾಗ ಏಳನೇ ಕ್ಲಾಸು. ನಮ್ಮ ಕೇರಿಯ ನಾಲ್ಕು ಹುಡುಗರು ಊರಿನ ಹೋಟೆಲ್ಲಿನಲ್ಲಿ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕೊಡುವ ಗಾಜಿನ ಲೋಟದಲ್ಲೇ ಟೀ ಕೊಡಿ ಅಂದರು. ಆ ಸಂಜೆಗೇ ಡಂಗೂರ ಇಲ್ಲದೆ ಸುದ್ದಿ ಬಂತು. ಕೂಲಿಗೆ ಕರೆಯುವುದಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಯಾರ ಬದುವಿನ ಮೇಲೂ ಕುಡುಗೋಲು ಹಾಕಕೂಡದು. ಕೂಲಿ ಹೋದರೆ ಸಿರಾ ಕಡೆಗೆ ಬಸ್ಸು ಹತ್ತಬಹುದು. ಸಾಮಾನು ಸಂತೆಯಿಂದ ತರಬಹುದು. ದನ ಬಸ್ಸು ಹತ್ತುವುದಿಲ್ಲ. ಗೋಮಾಳ ಅಷ್ಟು ಹೊತ್ತಿಗೆ ನೀಲಗಿರಿ ತೋಪಾಗಿತ್ತು, ಅದರ ಕೆಳಗೆ ಗರಿಕೆಯೂ ಇರಲಿಲ್ಲ. ಅವತ್ತಿನವರೆಗೆ ಬೆಳಗ್ಗೆ ಸ್ಕೂಲಿಗೆ ಮುಂಚೆ ನಾನೂ ಅಮ್ಮನೂ ಪರರ ಬದುವಿನಲ್ಲಿ ಒಂದೊಂದು ಹೊರೆ ಕೊಯ್ದು ತರುತ್ತಿದ್ದೆವು. ಅದಕ್ಕೆ ಬದಲಾಗಿ ಅಮ್ಮ ಅವರ ಕಳೆ ಕೀಳಬೇಕಿತ್ತು. ಬಿಟ್ಟಿ ಹುಲ್ಲು ಎಂದು ಕರೆಯುತ್ತಿದ್ದದ್ದು ಇದನ್ನೇ.

ನಮ್ಮ ಕೊರಲೆಗೆ ಆಗ 40 ದಿನ. ತೆನೆ ಇಣುಕುತ್ತಿತ್ತು. ಮೂರನೇ ದಿನ ಅಮ್ಮ ಕುಡುಗೋಲು ತೆಗೆದುಕೊಂಡು ಬಯಲಿನ ಪೈರಿಗೇ ಇಳಿದಳು. ಅಜ್ಜಿ ಅಡ್ಡ ನಿಂತಳು. 'ಅನ್ನ ಕುಯ್ದು ದನಕ್ಕಾಕ್ತೀಯೇನೇ? ಹಬ್ಬಕ್ಕೆ ಮಕ್ಳಿಗೆ ಏನಿಕ್ತೀಯಾ?'

'ದನ ಹೋದ್ರೆ ನಿಮ್ಮಗ ಹೋಗಿ ಅವರ ಮನೆ ಬಾಗ್ಲಲ್ಲಿ ನಿಂತ್ಕೋಬೇಕು ಅತ್ತೆ. ಮಾವ ನಿಂತಿದ್ದು ಸಾಕು.'

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೋಗಿ ಹೊಲಕ್ಕೆ ಒಂದು ಗೆರೆ ಎಳೆದಳು, ಕಲ್ಲು ಜೋಡಿಸಿ. 'ಈ ಕಡೇದು ಕುಯ್ಯಿ. ಆ ಕಡೇದಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ.'

ದಿನಕ್ಕೆ ಇಷ್ಟು ಮಾರು ಎಂದು ಪಟ್ಟಿ ಪಟ್ಟಿಯಾಗಿ ಕೊಯ್ದರು. ಕೊನೆಯ ಪಟ್ಟಿಗೆ ಬರುವ ಹೊತ್ತಿಗೆ ಮಘೆ ಮಳೆ ಒಂದು ಹದ ಬಿದ್ದು ಮೊದಲ ಪಟ್ಟಿ ಅರ್ಧ ಮೊಳ ಚಿಗುರಿತ್ತು. ಅದು ಮುಗಿದ ಮೇಲೆ ಹುಣಸೆ ಮರದ ಕೆಳಗಿನ ತಡವಾದ ಹುಲ್ಲು. ಪಕ್ಕದ ಮನೆಯವರ ಕೂಸಿಗೆ ಹಾಲಿರಲಿಲ್ಲ, ಅವರ ಹಸುವಿಗೂ ನಮ್ಮ ಹೊಲದಿಂದ ದಿನಕ್ಕೊಂದು ಸಿವುಡು ಹೋಯಿತು. ತಹಸೀಲ್ದಾರರು ಬಂದು ಶಾಂತಿ ಸಭೆ ನಡೆಸಿ ಬದುಗಳು 'ತೆರೆಯುವ' ಹೊತ್ತಿಗೆ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ನಮ್ಮ ಕೇರಿಯ ಆರು ಮನೆಯವರು ಸಿಕ್ಕಿದ ಬೆಲೆಗೆ ದನ ಮಾರಿದ್ದರು. ಕೊರಲೆ ಬಿತ್ತಿದ್ದ ಮೂರು ಮನೆಗಳ ದನ ಗೊಂತಿನಲ್ಲೇ ಇದ್ದವು. ಅಜ್ಜಿಯ ಗೆರೆಯಾಚೆಯ ಕೊರಲೆಯೂ ಕಣಕ್ಕೆ ಬಂತು, ಆ ವರ್ಷ ಹಬ್ಬಕ್ಕೆ ಕೊರಲೆ ಅನ್ನ, ಹುರುಳಿ ಸಾರು. ಗಾಜಿನ ಲೋಟವೂ ಬಂತು, ಅದರ ಕತೆ ಬೇರೆ.

ಆ ಅನ್ನ-ಸಾರಿನ ವಯಸ್ಸು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಅಗೆದವರಿಗೆ ಸುಮಾರು 4000 ವರ್ಷ ಹಿಂದಿನ ಮಣ್ಣಿನಲ್ಲಿ ಕರಕಲಾದ ಕಾಳುಗಳು ಸಿಕ್ಕಿವೆ. ಅವುಗಳಲ್ಲಿ ಕೊರಲೆ ಇದೆ, ಹುರುಳಿ ಇದೆ. ಆ ಕಾಲದ ಜನ ದನ ಸಾಕಿದವರು. ಅವರು ಸುಟ್ಟ ಸಗಣಿಯ ಬೂದಿಯೇ ಆ ಸೀಮೆಯಲ್ಲಿ ದಿಬ್ಬಗಳಾಗಿ ನಿಂತಿದೆ. ಬತ್ತ ಈ ಕಡೆ ಬರುವುದಕ್ಕಿಂತ ಮುಂಚೆ ಇಲ್ಲಿನ ಬಾಯಿಗಳು ಉಂಡದ್ದು ಇದನ್ನು. ಯಾರ ಊಟ ಪುರಾತನ, ಯಾರದ್ದು ಕೀಳು ಎಂದು ತೀರ್ಪು ಕೊಡುವವರು ಒಮ್ಮೆ ಅಲ್ಲಿಗೆ ಹೋಗಿಬರಲಿ.

1915ರಲ್ಲಿ ಈ ಹುಲ್ಲಿನ ಬೀಜ ಇಂಡಿಯಾದಿಂದ ಅಮೆರಿಕಾಕ್ಕೂ ಹೋಯಿತು. ಅಲ್ಲಿ ದನಕ್ಕೆ ಒಣಹುಲ್ಲು ಮಾಡುತ್ತಾರೆ. ಬೇಟೆಯಾಡುವವರು ಹಕ್ಕಿಗಳನ್ನು ಕರೆಯಲು ಹೊಲದಲ್ಲಿ ಇದನ್ನು ಬಿತ್ತುತ್ತಾರಂತೆ. ನಮ್ಮ ಅನ್ನ ಅಲ್ಲಿ ಕಾಡುಕೋಳಿಯ ಆಮಿಷ!

ಇಲ್ಲೋ, ಈಗ ಅದರ ಹೆಸರು ಸಿರಿಧಾನ್ಯ. ಮೈಸೂರಿನ ಖಾದರ್ ವಲಿಯವರು ಹೇಳುವ ಐದು ಸಿರಿಧಾನ್ಯಗಳಲ್ಲಿ ಕೊರಲೆಯೂ ಒಂದು. 2018ನ್ನು ಕೇಂದ್ರ ಸರ್ಕಾರ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದವು. ಒಳ್ಳೆಯದೇ. ನಾನಿರುವ ಬೆಂಗಳೂರಿನ ಬೀದಿಯಲ್ಲಿ ಬಣ್ಣದ ಪ್ಯಾಕೆಟ್ಟಿನಲ್ಲಿ ಅದನ್ನು ಕಂಡು ಬೆಲೆ ಕೇಳಿದೆ. ಒಂದು ಕೆ.ಜಿ.ಗೆ ನಮ್ಮಮ್ಮನ ಅರ್ಧ ದಿನದ ಕೂಲಿ. ಬೆಲೆ ಬಂದದ್ದಕ್ಕೆ ನನಗೆ ಸಂಕಟವಿಲ್ಲ, ಬೆಳೆದವರಿಗೆ ಬರಲಿ. ಆದರೆ ಆ ಬೆಲೆ ನೋಡಿ, ನಮಗೆ ಬದು ಮುಚ್ಚಿದ್ದವರೇ ಈಗ ಬೋರ್‌ವೆಲ್ ನೀರು ಹಾಯಿಸಿ ಕೊರಲೆ ಬೆಳೆಯುತ್ತಿದ್ದಾರೆ. ಮಿಷನ್ನಿನಲ್ಲಿ ಕೊಯ್ದು ಕಾಳು ಲಾರಿಗೆ ಹಾಕುತ್ತಾರೆ, ಹುಲ್ಲು ಹೊಲದಲ್ಲೇ ಚೂರಾಗಿ ಬೀಳುತ್ತದೆ. ಕೇರಿಯಲ್ಲಿ ಮಾತ್ರ ರೇಷನ್ ಅಕ್ಕಿಯಿಂದಾಗಿ ಕೊರಲೆ ಕುಟ್ಟುವ ಮನೆ ಕಡಿಮೆಯಾದವು, ಕುಟ್ಟುವುದು ನಿಂತಲ್ಲಿ ಬಿತ್ತುವುದೂ ನಿಂತಿತು, ಬಿತ್ತುವುದು ನಿಂತಲ್ಲಿ ದನವೂ ಹೋದವು. ಅನ್ನಕ್ಕೆ ಅಕ್ಕಿ ಇದೆ, ಸರಿ. ದನಕ್ಕೆ ರೇಷನ್ ಕಾರ್ಡಿಲ್ಲವಲ್ಲ. ಇವತ್ತು ಯಾರಾದರೂ ಮತ್ತೆ ಬದು ಮುಚ್ಚಿದರೆ ನಮ್ಮ ಕೇರಿ ಎಷ್ಟು ದಿನ ತಡೆಯುತ್ತದೆ? ಹೋದ ವರ್ಷ ನಾನು ಲೆಕ್ಕ ಹಾಕಿದೆ. ಹನ್ನೊಂದು ದನ, ಎರಡು ಮೆದೆ. ಮೂರು ವಾರವೂ ಬರುವುದಿಲ್ಲ.

ಅಮ್ಮ ಈಗಲೂ ಬೀಜ ಇಡುತ್ತಾಳೆ. ಬಯಲಿನಲ್ಲಿ ಮೊದಲು ಮಾಗಿದ ದಪ್ಪ ತೆನೆಗಳನ್ನು ಕೈಯಲ್ಲೇ ಆರಿಸಿ, ನೆರಳಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗುಡಾಣಕ್ಕೆ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಾಳೆ. ಈ ಮುಂಗಾರಿಗೆ ಕೇರಿಯ ನಾಲ್ಕು ಮನೆಯವರು ಬಂದು ಕೇಳಿದರು. ತಲಾ ಎರಡು ಸೇರು ಅಳೆದು ಕೊಟ್ಟಳು. ಒಬ್ಬಾಕೆ, 'ಬಡ್ಡಿ ಎಷ್ಟಕ್ಕ' ಅಂದಳು. 'ಬಡ್ಡಿ ಬ್ಯಾಡ. ಇಸ್ಕೊಂಡಷ್ಟೇ ತಂದಾಕು. ತೂರಿ ತತ್ತಾ, ಹೊಟ್ಟು ಸೇರಿಸ್ಬ್ಯಾಡ' ಅಂದಳು ಅಮ್ಮ.